ಜವರಯ್ಯನ ಹೆಜ್ಜೆಯಲ್ಲಿ ಮುನ್ನೂರು

ನಮ್ಮ ಊರಿನ ಶಾಲೆ ರಾತ್ರಿ ಹೊತ್ತು ಜಾಗ ಬದಲಿಸುತ್ತದೆ. ದಿನಾ ಅಲ್ಲ. ಕೆಲವು ಸಲ ವಾರಗಟ್ಟಲೆ ಒಂದೇ ಕಡೆ ಕೂತಿರುತ್ತದೆ, ಕೆಲವು ಸಲ ಮೂರು ದಿನಕ್ಕೆ ಮೂರು ಜಾಗ. ಎಂಟು ಕೋಣೆ, ಹೆಂಚಿನ ಮಾಡು, ಬಾವುಟದ ಕಂಬ, ನೀರಿನ ಟ್ಯಾಂಕು, ಬಿಸಿಯೂಟದ ಅಡುಗೆಮನೆ, ಎಲ್ಲ ಸಮೇತ ಹೋಗುತ್ತದೆ. ಪೈರಿರುವ ಹೊಲದ ಮೇಲೆ ಕೂತದ್ದಿಲ್ಲ, ಯಾರ ಮನೆ ಬಾಗಿಲಿಗೂ ಅಡ್ಡ ನಿಂತದ್ದಿಲ್ಲ, ಹೊಳೆ ದಾಟಿದ್ದಿಲ್ಲ. ಅಷ್ಟು ಮರ್ಯಾದೆ ಅದಕ್ಕೂ ಇದೆ. ಬೆಳಿಗ್ಗೆ ತಾಯಂದಿರು ಹಲ್ಲುಜ್ಜುತ್ತ ಮಹಡಿ ಹತ್ತಿ ಬಾವುಟದ ಕಂಬ ಎಲ್ಲಿದೆ ಎಂದು ನೋಡಿ, ಕೆಳಗಿಳಿದು ಮಕ್ಕಳ ಜಡೆ ಹಾಕುತ್ತಾರೆ. ದೂರವಿದ್ದರೆ ಒಂದು ಜಡೆ, ಹತ್ತಿರವಿದ್ದರೆ ಎರಡು. ಖಾದರ್ ಸಾಬಿ ತನ್ನ ಚಹಾದ ತಳ್ಳುಗಾಡಿಯನ್ನು ಅದರ ಹಿಂದೆಯೇ ನೂಕಿಕೊಂಡು ಹೋಗುತ್ತಾನೆ. ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟ್ರುಗಳು ಮಾತ್ರ ಮೊದಲ ವಾರ ಪರದಾಡುತ್ತಾರೆ, ಆಮೇಲೆ ಅವರೂ ಮಹಡಿ ಹತ್ತುತ್ತಾರೆ.

ಕಷ್ಟವಿದ್ದದ್ದು ಶಾಲೆಯಿಂದಲ್ಲ, ಕೋವಿಯಿಂದ. ನಮ್ಮದು ಕಾಡಿನ ಅಂಚಿನ ಊರು. ಹಂದಿ ಕಾಟದಿಂದಾಗಿ ಎರಡು ಮನೆಗೊಂದು ಪರವಾನಗಿ ಕೋವಿ ಇದೆ. ಹೊಲಕ್ಕೆ ಹೋಗುವಾಗ ಜೀಪಿನಲ್ಲೋ ವ್ಯಾನಿನಲ್ಲೋ ಹಾಕಿಕೊಂಡು ಹೋಗುವುದು, ಬಂದು ಅಲ್ಲೇ ಬಿಟ್ಟು ಮಲಗುವುದು ರೂಢಿಯಾಗಿತ್ತು. ಈಗ ಹಾಗಿಲ್ಲ. ಹದಿನೆಂಟು ವರ್ಷದ ಹಿಂದೆ ಊರಿನ ಸಭೆ ಒಂದು ಕಾಯಿದೆ ಮಾಡಿತು. ಶಾಲೆ ಎಲ್ಲಿ ನಿಂತಿದೆಯೋ ಅಲ್ಲಿಂದ ಸುತ್ತ ಮುನ್ನೂರು ಹೆಜ್ಜೆಯೊಳಗೆ ಯಾವ ವಾಹನದಲ್ಲೂ ಕೋವಿ ಇರಕೂಡದು. ಓಡುವ ವಾಹನವೂ ಅಷ್ಟೆ, ನಿಂತದ್ದೂ ಅಷ್ಟೆ. ತೋಟಾ ತೆಗೆದು, ಮರದ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿದ್ದರೆ ಅಡ್ಡಿಯಿಲ್ಲ. ಮನೆಯೊಳಗಿದ್ದರೂ ಅಡ್ಡಿಯಿಲ್ಲ. ಬೆಳಿಗ್ಗೆ ಆ ಮುನ್ನೂರು ಹೆಜ್ಜೆಯ ಗುರುತಿಗೆ ಸುಣ್ಣದ ಗೆರೆ ಬಿದ್ದ ಮೇಲೆ ಶಾಲೆಯ ಮೊದಲ ಗಂಟೆಯ ತನಕ ತೆಗೆದುಕೊಂಡು ಹೋಗಲು ಅವಕಾಶ. ಗಂಟೆಯಾದ ಮೇಲೆ ಸಿಕ್ಕರೆ ವಾಹನ ಒಂದು ವರ್ಷ ಠಾಣೆಯ ಅಂಗಳದಲ್ಲಿ, ಕೋವಿ ಮತ್ತು ಪರವಾನಗಿ ಕಾಯಮ್ಮಾಗಿ ಹೋದಂತೆ.

ಶಾಲೆ ನಾಳೆ ಎಲ್ಲಿರುತ್ತದೋ ಗೊತ್ತಿಲ್ಲದ ಊರಿನಲ್ಲಿ ಇಂಥ ಕಾಯಿದೆ ಇದ್ದರೆ ಏನಾಗುತ್ತದೆ? ಎಲ್ಲರೂ ಎಲ್ಲ ರಾತ್ರಿಯೂ ಹುಷಾರಾಗಿರುತ್ತಾರೆ. ಬೇರೆ ಊರಿನಲ್ಲಿ ಹೆಂಗಸರು ಮಲಗುವ ಮುಂಚೆ ಬಾಗಿಲು ಹಾಕಿದಿರಾ ಎಂದು ಕೇಳುತ್ತಾರಲ್ಲ, ನಮ್ಮಲ್ಲಿ "ಕೋವಿ ಒಳಕ್ ತಂದ್ರಾ?" ಅಂತ ಕೇಳುತ್ತಾರೆ. ಬಡಗಿಯಿಂದ ಪೆಟ್ಟಿಗೆಯನ್ನೂ ಎಲ್ಲರೂ ಮಾಡಿಸಿಕೊಂಡರು. ಎರಡು ತಿಂಗಳು ಅದರಲ್ಲಿ ಕೋವಿ ಇಟ್ಟರು. ಆಮೇಲೆ ಒಬ್ಬರ ಪೆಟ್ಟಿಗೆಯಲ್ಲಿ ಈರುಳ್ಳಿ, ಒಬ್ಬರದರಲ್ಲಿ ರೇಷ್ಮೆ ಸೀರೆ. ನನ್ನ ಮಗಳು ಕಲಾವತಿಯ ಮನೆಯ ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿತ್ತು.

ಗೆರೆ ಹಾಕುವವನು ನಾನು. ಹೆಸರು ಜವರಯ್ಯ, ವಯಸ್ಸು ಅರವತ್ತೇಳು. ಸೂರ್ಯ ಹುಟ್ಟುವ ಮುಂಚೆ ಶಾಲೆಯನ್ನು ಹುಡುಕಿಕೊಂಡು ಹೋಗಿ, ಅದರ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ಅಲ್ಲಿಂದ ಹೊರಡುವ ಪ್ರತಿಯೊಂದು ದಾರಿಯಲ್ಲೂ ಮುನ್ನೂರು ಹೆಜ್ಜೆ ಎಣಿಸಿ, ಸುಣ್ಣದ ಪುಡಿಯಿಂದ ಅಡ್ಡಗೆರೆ ಎಳೆಯುತ್ತೇನೆ. ಈ ಕೆಲಸ ನನಗೆ ಹೇಗೆ ಬಂತು ಎನ್ನುವುದು ಊರಿಗೆಲ್ಲ ಗೊತ್ತು, ನಿಮಗೂ ಹೇಳಿಬಿಡುತ್ತೇನೆ.

ಆಗ ನಾನು ಹಾಲಿನ ವ್ಯಾನು ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ರಾಗಿ ಹೊಲ ಕಾದು ಬಂದವನು ಡೈರಿಯ ಮುಂದೆ ವ್ಯಾನು ನಿಲ್ಲಿಸಿ ಕ್ಯಾನು ಇಳಿಸಲು ಹೋದೆ. ರಾತ್ರಿ ಶಾಲೆ ಡೈರಿಯ ಪಕ್ಕಕ್ಕೆ ಬಂದಿತ್ತು. ಎರಡನೇ ಕ್ಲಾಸಿನ ಸುಕನ್ಯಾ ಎಂಬ ಹುಡುಗಿ ಹಾರ್ನ್ ಒತ್ತುವ ಆಸೆಗೆ ವ್ಯಾನು ಹತ್ತಿದಳು. ಎರಡು ಸಲ ಹಾರ್ನ್ ಕೇಳಿಸಿತು, ನಾನು ಒಳಗಿನಿಂದ ನಕ್ಕೆ. ಆಮೇಲೆ ಸೀಟಿನ ಹಿಂದಿದ್ದ ಕೋವಿ ಕೇಳಿಸಿತು. ತೋಟಾ ತೆಗೆದಿದ್ದೇನೆ ಎಂದುಕೊಂಡಿದ್ದೆ. ತೆಗೆದಿರಲಿಲ್ಲ. ಇದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ. ಮಗುವಿನ ಬಲಗೈಯ ಎರಡು ಬೆರಳು ಹೋದವು.

ಸಭೆಯಲ್ಲಿ ಕಾಯಿದೆ ಬರೆಯುವಾಗ ಮುನ್ನೂರು ಹೆಜ್ಜೆ ಎಂದರೆ ಯಾರ ಹೆಜ್ಜೆ ಎಂದು ಯಾರೋ ಕೇಳಿದರು. ಟೇಪು ಹಿಡಿಯೋಣ ಎಂದರು ಕೆಲವರು. ಮೂಲೆಯಲ್ಲಿ ಕೂತಿದ್ದ ಸುಕನ್ಯಾಳ ತಂದೆ ಎದ್ದು ನಿಂತರು. "ಟೇಪು ಬ್ಯಾಡ. ಜವರಯ್ಯನ್ ಹೆಜ್ಜೆ ಅಂತ ಬರ್ಕಳಿ. ಸಾಯೋಗಂಟ ಅವನೇ ಎಣಿಸ್ಲಿ" ಎಂದರು. ಹಾಗೇ ಬರೆದರು. ಕಾಯಿದೆಯಲ್ಲಿ ನನ್ನ ಹೆಸರಿದೆ. ನಾನು ಇನ್ನು ಕೋವಿ ಮುಟ್ಟಕೂಡದು ಎಂದೂ ಅದರಲ್ಲೇ ಇದೆ.

ಅವರು ಶಿಕ್ಷೆ ಎಂದು ಕೊಟ್ಟದ್ದು ನನಗೆ ಮೆಲ್ಲಗೆ ಬದುಕೇ ಆಯಿತು. ಜ್ವರ ಬಂದರೂ ಎಣಿಸಿದೆ. ಹೆಂಡತಿ ತೀರಿಕೊಂಡ ದಿನವೂ ಎಣಿಸಿ ಬಂದು ಆಮೇಲೆ ಅತ್ತೆ. ನಮ್ಮ ಊರಿನವರು ನನ್ನನ್ನು ಆಡಿಕೊಳ್ಳುವುದಿಲ್ಲ ಎಂದಲ್ಲ. ಗೆರೆ ಜವರಯ್ಯ ಅಂತಾರೆ, ಮದುವೆ ಊಟದಲ್ಲಿ ಎಲೆಯ ಸುತ್ತ ಸುಣ್ಣ ಹಾಕಲಾ ಅಂತಾರೆ. ಆದರೆ ಗೆರೆಯ ವಿಷಯದಲ್ಲಿ ನನ್ನ ಮಾತೇ ಮಾತು. ಪೇದೆ ರುದ್ರಸ್ವಾಮಿ ನನ್ನನ್ನು ಕೇಳದೆ ಪುಸ್ತಕದಲ್ಲಿ ಒಂದಕ್ಷರ ಬರೆಯುವುದಿಲ್ಲ.

ಸುಕನ್ಯಾ ಓದಿ ಟೀಚರಾಗಿ ಮೂರು ವರ್ಷದ ಹಿಂದೆ ನಮ್ಮ ಶಾಲೆಗೇ ಬಂದಳು. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾಳೆ, ಅಕ್ಷರ ಚೆನ್ನಾಗಿದೆ. ಗಂಟೆ ಹೊಡೆಯುವ ಮುಂಚೆ ಗೇಟಿನಲ್ಲಿ ನಿಂತು ನನ್ನನ್ನು "ಎಷ್ಟು?" ಎಂದು ಕೇಳುವುದು ಅವಳ ಪಾಲಿಗೆ ಬಂದ ಕೆಲಸ. ನಾನು "ಮುನ್ನೂರು" ಎನ್ನುತ್ತೇನೆ, ರುದ್ರಸ್ವಾಮಿ ಬರೆದುಕೊಳ್ಳುತ್ತಾನೆ, ಗಂಟೆ ಆಗುತ್ತದೆ. ಮೂರು ವರ್ಷದಲ್ಲಿ ಆ ಒಂದು ಪದ ಬಿಟ್ಟು ಅವಳು ನನ್ನ ಜೊತೆ ಬೇರೇನೂ ಆಡಿರಲಿಲ್ಲ. ಮುಖ ಸಿಂಡರಿಸಿದ್ದೂ ಇಲ್ಲ.

ಈ ವರ್ಷ ಮಾರ್ಚ್‌ನಲ್ಲಿ ಒಂದು ಬುಧವಾರ ಶಾಲೆ ಸೇದುಬಾವಿ ಬಯಲಿಗೆ ಬಂತು. ಕಾಯಿದೆಯಾದ ಮರುದಿನ ಅದು ಇದ್ದದ್ದು ಅಲ್ಲೇ. ನನ್ನ ಮೊದಲ ಗೆರೆ ಅಲ್ಲೇ ಬಿದ್ದದ್ದು. ಸಭೆಯವರು ಆ ಗೆರೆಯ ನೆನಪಿಗೆ ರಸ್ತೆ ಬದಿಯಲ್ಲಿ ಒಂದು ಕಲ್ಲು ನೆಟ್ಟಿದ್ದರು. ಅದಾದ ಮೇಲೆ ಶಾಲೆ ಊರೆಲ್ಲ ಸುತ್ತಿದರೂ ಆ ಬಯಲಿಗೆ ಮಾತ್ರ ಹೋಗಿರಲಿಲ್ಲ. ಹದಿನೆಂಟು ವರ್ಷವಾದ ಮೇಲೆ ಬಂದು, ಬಾವುಟದ ಕಂಬ ಹಿಂದೆ ಇದ್ದ ಗುಳಿಗೇ ಇಳಿದಂತೆ ನಿಂತಿತ್ತು. ನನಗೆ ಒಂಥರಾ ಸಂತೋಷವೇ ಆಯಿತು. ಗೋಡೆಗೆ ಹಿಮ್ಮಡಿ ತಾಗಿಸಿ ಹೊರಟೆ. ಮಂಡಿ ನೋವಿತ್ತು, ಅದು ದಿನಾ ಇರುವಂಥದೇ.

ಮುನ್ನೂರು ಎಂದು ನಿಂತು ಸುಣ್ಣ ಸುರಿದು ತಲೆಯೆತ್ತಿದಾಗ ಸೇದುಬಾವಿ ನನ್ನ ಮುಂದಿತ್ತು. ಅದು ಹಿಂದೆ ಇರಬೇಕಿತ್ತು. ಮೊದಲ ದಿನ ಬಾವಿ ದಾಟಿ ಇನ್ನಷ್ಟು ನಡೆದು ಗೆರೆ ಎಳೆದು, ವಾಪಸ್ಸು ಬರುವಾಗ ಬಾವಿಯಲ್ಲಿ ನೀರು ಸೇದಿ ಕೈ ತೊಳೆದದ್ದು ನನಗೆ ಚೆನ್ನಾಗಿ ನೆನಪಿದೆ. ಎಣಿಕೆ ತಪ್ಪಿದೆ ಎಂದುಕೊಂಡು ವಾಪಸ್ಸು ಗೋಡೆಗೆ ಹೋಗಿ ಮತ್ತೆ ಎಣಿಸಿದೆ. ಮತ್ತೆ ಅದೇ ಜಾಗ. ಬಾವಿ ದಾಟಿ ಮುಂದೆ ಹೋಗಿ ಲಂಟಾನ ಪೊದೆ ಸರಿಸಿ ನೋಡಿದರೆ ಕಲ್ಲು ಇತ್ತು. ಗೆರೆಯಿಂದ ಕಲ್ಲಿಗೆ ನಲವತ್ತೆರಡು ಹೆಜ್ಜೆ.

ಕಲ್ಲು ನಡೆಯುವುದಿಲ್ಲ. ಶಾಲೆಯೂ ಹಳೆಯ ಜಾಗದಲ್ಲೇ ಇತ್ತು. ಚಿಕ್ಕದಾದದ್ದು ನನ್ನ ಹೆಜ್ಜೆ. ನಲವತ್ತೊಂಬತ್ತರ ಕಾಲು ಎಣಿಸಿದ ಮುನ್ನೂರನ್ನು ಅರವತ್ತೇಳರ ಕಾಲು ಎಣಿಸಲು ಆಗುವುದಿಲ್ಲ ಎಂಬುದು ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಎಷ್ಟು ವರ್ಷದಿಂದ ಗೆರೆ ಒಳಕ್ಕೆ ಸರಿಯುತ್ತಿತ್ತೋ! ದಿನಾ ಒಂದು ಕೂದಲೆಳೆಯಷ್ಟು ಸರಿದಿದ್ದರೆ ಯಾರಿಗೆ ಕಾಣಬೇಕು.

ಬಾವಿಗೂ ಕಲ್ಲಿಗೂ ನಡುವೆ ರಸ್ತೆ ಬದಿಯಲ್ಲಿ ಒಂದು ಜೀಪು ನಿಂತಿತ್ತು. ನನ್ನ ಅಳಿಯ ಶಿವನಂಜನದು. ಅವನು ಅದನ್ನು ಬಾಡಿಗೆಗೆ ಓಡಿಸುತ್ತಾನೆ, ಅವರ ಮನೆ ನಡೆಯುವುದು ಅದರಿಂದಲೇ. ಹಿಂದಿನ ಸಂಜೆ ಒಬ್ಬ ಬಸುರಿಯನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅಲ್ಲಿ ಆಕ್ಸಲ್ ಮುರಿದು, ಬೇರೆ ಗಾಡಿ ಹತ್ತಿಸಿಕೊಂಡು ಹೋಗಿದ್ದಾನೆಂದು ಕಲಾವತಿ ಹೇಳಿ ಕಳಿಸಿದ್ದಳು. ಅವನಿನ್ನೂ ಬಂದಿರಲಿಲ್ಲ. ಜೀಪು ನನ್ನ ಗೆರೆಯ ಆಚೆಗಿತ್ತು, ಕಲ್ಲಿನ ಈಚೆಗಿತ್ತು. ಅದರಲ್ಲಿ ಕೋವಿ ಇರಬಹುದೆಂದು ನಾನು ಯೋಚಿಸಲಿಲ್ಲ, ದೇವರಾಣೆ. ಇವತ್ತು ಇದನ್ನು ಹೇಳಿದರೆ ದೊಡ್ಡ ರಾದ್ಧಾಂತ, ನಾಳೆ ಸಭೆಗೆ ಹೋಗಿ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ, ಅಷ್ಟೆ. ಹದಿನೆಂಟು ವರ್ಷ ನಂಬಿದ ಊರಿನ ಮುಂದೆ ನನ್ನ ಲೆಕ್ಕ ತಪ್ಪು ಎನ್ನಲು ನಾಚಿಕೆಯಾಯಿತು ಎನ್ನುವುದೇ ಸರಿ.

ಗೇಟಿಗೆ ಬಂದೆ. ಸುಕನ್ಯಾ "ಎಷ್ಟು?" ಎಂದಳು. "ಮುನ್ನೂರು" ಎಂದೆ. ರುದ್ರಸ್ವಾಮಿ ಬರೆದುಕೊಂಡ. ಗಂಟೆ ಆಯಿತು.

ದೂರದಿಂದ ಬರುವ ಮಕ್ಕಳು ಇನ್ನೂ ಬರುತ್ತಲೇ ಇದ್ದರು. ನಾನು ಖಾದರ್ ಸಾಬಿಯ ಗಾಡಿಯ ಹತ್ತಿರ ಚಹಾ ತೆಗೆದುಕೊಂಡೆ. ಅರ್ಧ ಕುಡಿದಿರಲಿಲ್ಲ, ರಸ್ತೆಯ ಕಡೆಯಿಂದ ಜೀಪಿನ ಹಾರ್ನ್ ಕೇಳಿಸಿತು. ಒಂದು ಸಲ, ಮತ್ತೊಂದು ಸಲ. ಲೋಟ ಗಾಡಿಯ ಮೇಲಿಟ್ಟು ರಸ್ತೆಯ ಕಡೆ ತಿರುಗಿದೆ.

ಅಷ್ಟು ಹೊತ್ತಿಗೆ ಕಲಾವತಿ ಬಯಲಿಗೆ ಅಡ್ಡ ಬಿದ್ದು ಓಡಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನನ್ನ ಕಿವಿಯ ಹತ್ತಿರ ಬಂದು, "ಅಪ್ಪಾ, ಅವ್ರು ಈಗ್ ಫೋನ್ ಮಾಡಿದ್ರು. ಆ ಗಾಬ್ರಿಲಿ ಕೋವಿ ಜೀಪಲ್ಲೇ ಬುಟ್ಟವ್ರಂತೆ. ಹಿಂದ್ಲ ಸೀಟ್ ಕೆಳ್ಗಡೆ" ಎಂದಳು.

"ತೋಟಾ?"

"ತೆಗ್ದಿಲ್ವಂತೆ."

ನಾನು ಓಡಿದೆ. ಆ ಮಂಡಿಯಲ್ಲಿ ಹೇಗೆ ಓಡಿದೆನೋ ತಿಳಿಯದು. ಜೀಪಿನ ಕನ್ನಡಿಗೆ ಎರಡು ಊಟದ ಚೀಲ ನೇತುಹಾಕಿದ್ದರು. ಒಂದು ಹುಡುಗಿ ಸ್ಟೇರಿಂಗ್ ಹಿಡಿದು ಹಾರ್ನ್ ಒತ್ತುತ್ತಿದ್ದಳು, ಹಿಂದಿನ ಸೀಟಿನ ಮೇಲೆ ಇಬ್ಬರು ನಿಂತು ಕುಣಿಯುತ್ತಿದ್ದರು. ಅವರಲ್ಲೊಬ್ಬಳು ಕಂಡಕ್ಟರಂತೆ, ಎಲೆ ಹರಿದು ಟಿಕೇಟು ಕೊಡುತ್ತಿದ್ದಳು.

"ಅಲ್ಲಾಡ್ಬೇಡ್ರವ್ವಾ! ಇದ್ದಂಗೇ ಇರಿ!" ಎಂದು ಕೂಗಿದೆ. ನನ್ನ ದನಿ ಕೇಳಿ ಮಕ್ಕಳು ಹೆದರಿ ನಿಂತರು. ಗೇಟಿನಿಂದ ಸುಕನ್ಯಾ, ಅವಳ ಹಿಂದೆ ರುದ್ರಸ್ವಾಮಿ ಓಡಿ ಬಂದರು. ನಾನು ಕೋವಿ ಮುಟ್ಟುವಂತಿಲ್ಲ. ಮಕ್ಕಳನ್ನು ಮುಟ್ಟಬಹುದಲ್ಲ, ಒಬ್ಬೊಬ್ಬರನ್ನೇ ಕಂಕುಳಿಗೆ ಕೈಕೊಟ್ಟು ಎತ್ತಿ ಇಳಿಸಿದೆ. ಕಂಡಕ್ಟರ್ ಹುಡುಗಿ ಇಳಿಯುವಾಗ ನನ್ನ ಕೈಗೂ ಒಂದು ಎಲೆ ಚೂರು ಕೊಟ್ಟಳು. ಆಮೇಲೆ ಕಲಾವತಿ ಸೀಟಿನ ಕೆಳಗೆ ಕೈಹಾಕಿ ಕೋವಿ ಹೊರಗೆಳೆದು, ನಳಿಗೆ ಬಗ್ಗಿಸಿ, ತೋಟಾ ತೆಗೆದು ನೆಲದ ಮೇಲಿಟ್ಟಳು. ಕೆಂಪು ತೋಟಾ. ಎಲ್ಲರೂ ಅದನ್ನೇ ನೋಡುತ್ತ ನಿಂತೆವು.

ರುದ್ರಸ್ವಾಮಿ ಮೊದಲು ಮಾತಾಡಿದ. ಒಳ್ಳೆಯ ಮನುಷ್ಯ, ಬೇರೆಯವರ ಸಂಸಾರ ಹಾಳಾಗುವುದು ಅವನಿಗೆ ಬೇಕಿಲ್ಲ. ಹಿಂದೆ ತಿರುಗಿ ಬಾವಿಯ ಆಚೆಯ ಸುಣ್ಣದ ಗೆರೆ ನೋಡಿದ. "ಗೆರೆಯಿಂದ ಹೊರಗೇ ಐತೆ, ಇಪ್ಪತ್ ಹೆಜ್ಜೆ. ಕಾನೂನು ಪ್ರಕಾರ ಏನೂ ಆಗಿಲ್ಲ. ತಗೊಂಡೋಗವ್ವ ಕಲಾವತಿ, ಪೆಟ್ಗೇಲಿಟ್ಟು ಬೀಗ ಹಾಕು" ಎಂದ.

"ಹೂಂ ಅಣ್ಣ, ಇವತ್ತೇ ಕೋಳಿ ಎಬ್ಬಿಸ್ತೀನಿ" ಎಂದಳು ನನ್ನ ಮಗಳು. ಅಳುತ್ತಿದ್ದಳು, ಜೀವ ಬಂದಂತಾಗಿತ್ತು ಅವಳಿಗೆ. ಕೋವಿಯನ್ನು ಸೆರಗಿನಲ್ಲಿ ಸುತ್ತತೊಡಗಿದಳು.

ಸುಕನ್ಯಾ ಕೋವಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಅಲ್ಲಿ ಏನು ಕಂಡಳೋ ಗೊತ್ತಿಲ್ಲ. ಸ್ಟೇರಿಂಗ್ ಹಿಡಿದಿದ್ದ ಹುಡುಗಿ ಅವಳ ಬಲಗೈ ಹಿಡಿದು ನಿಂತಿದ್ದಳು, ಉಳಿದ ಮೂರು ಬೆರಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಎಷ್ಟು?" ಎಂದು ಕೇಳಿದಳು ಸುಕನ್ಯಾ.

ಒಂದು ದಿನಕ್ಕೆ ಎರಡು ಸಲ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಮಗಳು ನನ್ನ ಕಡೆ ನೋಡಿದಳು. ನಾನು ಏನೋ ಹೇಳಲಿದ್ದೇನೆ ಎಂದು ಅವಳಿಗೆ ಗೊತ್ತಾಗಿಹೋಯಿತು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ. "ಅಪ್ಪ" ಎಂದಳು, ಬಹಳ ಮೆಲ್ಲಗೆ.

"ಮುನ್ನೂರ ನಲವತ್ತೆರಡು" ಎಂದೆ.

ರುದ್ರಸ್ವಾಮಿಗೆ ಅರ್ಥವಾಗಲಿಲ್ಲ. ಅವರನ್ನು ಲಂಟಾನದ ಹತ್ತಿರ ಕರೆದುಕೊಂಡು ಹೋಗಿ ಕಲ್ಲು ತೋರಿಸಿದೆ. ನನ್ನ ಹೆಜ್ಜೆ ಚಿಕ್ಕದಾಗಿದೆ, ನಿಜವಾದ ಗೆರೆ ಇದು, ಬೆಳಿಗ್ಗೆಯೇ ಕಂಡಿದ್ದೆ, ಹೇಳಲಿಲ್ಲ, ಜೀಪು ಗೆರೆಯೊಳಗಿದೆ, ಬರೆದುಕೋ ಎಂದೆ. ಅವನು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ಯೋಚ್ನೆ ಮಾಡಿ ಯೋಳು ಜವರಣ್ಣ" ಎಂದ. ಯೋಚನೆ ಮಾಡಿಯೇ ಹೇಳಿದ್ದೆಂದೆ. ಸುಳ್ಳು. ಯೋಚನೆ ಮಾಡಿದ್ದರೆ ಹೇಳುತ್ತಿರಲಿಲ್ಲ.

ಕಲಾವತಿ ಸೆರಗಿನಿಂದ ಕೋವಿ ಬಿಡಿಸಿ ರುದ್ರಸ್ವಾಮಿಯ ಕೈಗಿಟ್ಟು, ನನ್ನ ಪಕ್ಕದಲ್ಲೇ ಹಾದು ಹೊರಟುಹೋದಳು. ಮಧ್ಯಾಹ್ನ ಎತ್ತು ಕಟ್ಟಿ ಜೀಪನ್ನು ಠಾಣೆಗೆ ಎಳೆದರು. ಸಂಜೆ ಶಿವನಂಜ ಬಂದ. ಬಸುರಿಗೆ ಹೆರಿಗೆಯಾಗಿತ್ತು, ತಾಯಿ ಮಗು ಚೆನ್ನಾಗಿದ್ದರು. ಅವನು ನನ್ನ ಜಗಲಿಯ ಮೇಲೆ ಕೂತು, "ತಪ್ಪು ನಂದೇ ಮಾವ, ಇಲ್ಲ ಅನ್ನಲ್ಲ. ಆದ್ರೆ ನೀವ್ ಸುಮ್ನಿದ್ದಿದ್ರೆ ಯಾರೂ ಕೇಳ್ತಿರ್ಲಿಲ್ಲ" ಎಂದ. ಅದು ನಿಜ. ಅವನು ಈಗ ಬೇರೆಯವರ ಟ್ರ್ಯಾಕ್ಟರಿಗೆ ಡ್ರೈವರ್ ಆಗಿ ಕೂಲಿಗೆ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾನೆ. ಮಗಳು ಮಾತಾಡಿಸಲಿಲ್ಲ. ಯುಗಾದಿಗೆ ಹೋಳಿಗೆ ಬಂತು, ಪಕ್ಕದ ಮನೆಯವರ ಕೈಯಲ್ಲಿ. ಅದನ್ನು ನಾನು ತಿನ್ನಲಿಲ್ಲ.

ಸಭೆ ಸೇರಿತು. ನನ್ನನ್ನು ತೆಗೆದು ಟೇಪು ತರೋಣ ಎಂದು ಮತ್ತೆ ಕೆಲವರೆಂದರು. ಕಾಯಿದೆಯಲ್ಲಿ ಜವರಯ್ಯನ ಹೆಜ್ಜೆ ಎಂದಿದೆಯಲ್ಲ, ಆಗಿನ ಜವರಯ್ಯನೋ ಈಗಿನ ಜವರಯ್ಯನೋ ಎಂದು ಒಂದು ಗಂಟೆ ವಾದ ನಡೆಯಿತು. ನಾನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ. ಕೊನೆಗೆ ಸುಕನ್ಯಾ ಎದ್ದು ನಿಂತಳು. ಹದಿನೆಂಟು ವರ್ಷದ ಹಿಂದೆ ಅವಳ ತಂದೆ ಎದ್ದು ನಿಂತ ಮೂಲೆಯಲ್ಲೇ. ಅವರೀಗ ಇಲ್ಲ.

"ಟೇಪು ಹಿಡಿಯೋಕೆ ಯಾರ್ ಬೇಕಾದ್ರೂ ಸಿಗ್ತಾರೆ. ತನ್ನ ಹೆಜ್ಜೆ ಕಮ್ಮಿಯಾಗಿದೆ ಅಂತ ತಾನೇ ಹೇಳೋರು ಸಿಗಲ್ಲ" ಎಂದಳು. "ಅವ್ರೇ ಎಣಿಸ್ಲಿ."

ಉಪಾಯವನ್ನೂ ಅವಳೇ ಹೇಳಿದಳು. ಸೇದುಬಾವಿ ಬಯಲಿನ ಹಳೆಯ ದೂರವನ್ನು ಹಗ್ಗದಲ್ಲಿ ಅಳೆದು, ಮೂರಕ್ಕೆ ಮಡಿಸಿ, ಸಭೆಯ ಕಚೇರಿ ಮುಂದೆ ಅಷ್ಟು ಅಂತರಕ್ಕೆ ಎರಡು ಕಲ್ಲು ನೆಟ್ಟರು. ಆ ಎರಡರ ನಡುವೆ ನನ್ನ ಹಳೆಯ ಹೆಜ್ಜೆಯಲ್ಲಿ ನೂರು. ಸೋಮವಾರ ಸೋಮವಾರ ನಾನು ಕಲ್ಲಿಂದ ಕಲ್ಲಿಗೆ ನಡೆಯಬೇಕು. ಮೊದಲ ಸೋಮವಾರ ನೂರ ಹದಿನಾಲ್ಕು ಬಂತು. ಅದರ ಮೂರರಷ್ಟನ್ನು ಆ ವಾರದ ಹೆಜ್ಜೆ ಎಂದು ಕಚೇರಿಯ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ನನ್ನ ಮುದಿತನವನ್ನು ಹೀಗೆ ವಾರಕ್ಕೊಮ್ಮೆ ಊರೆಲ್ಲ ಓದುತ್ತದೆ. ಓದಲಿ. ಕೆಲವು ಮನೆಗಳಲ್ಲಿ ಈರುಳ್ಳಿ ಹೊರಗೆ ಬಂದು ಕೋವಿ ಮತ್ತೆ ಪೆಟ್ಟಿಗೆಯೊಳಗೆ ಹೋಯಿತೆಂದೂ ಕೇಳಿದೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಅದು ಅಕ್ಕಿ ಗಿರಣಿಯ ಹಿಂದೆ ಬಂದು ನಿಂತಿತ್ತು, ನನ್ನ ಮಗಳ ಮನೆಗೆ ಹತ್ತಿರವೇ. ಅವತ್ತು ಸೋಮವಾರ. ಕತ್ತಲಿರುವಾಗಲೇ ಎದ್ದು ಕಲ್ಲಿನ ನಡುವೆ ನಡೆದು, ಬೋರ್ಡಿನ ಮೇಲೆ ಬರೆಸಲು ಯಾರೂ ಇರದ ಕಾರಣ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡು ಶಾಲೆಗೆ ಹೋದೆ. ಗಿರಣಿಯ ಕಡೆಯ ದಾರಿಯಲ್ಲಿ ಎಣಿಸಿ ಮುಗಿಸಿ, ಬಗ್ಗಿ ಗೆರೆ ಎಳೆಯುತ್ತಿದ್ದೆ. ಎರಡು ಜೊತೆ ಕಾಲು ಬಂದು ಗೆರೆಯ ಆಚೆ ನಿಂತವು. ಒಂದು ಜೊತೆ ಚಿಕ್ಕವು, ಹೊಸ ಬೂಟು ಹಾಕಿಕೊಂಡಿದ್ದವು. ಮೊಮ್ಮಗಳು ಇಂಪನ ಒಂದನೇ ಕ್ಲಾಸಿಗೆ ಹೊರಟಿದ್ದಳು. ಶಾಲೆ ಹತ್ತಿರವಿದ್ದ ಕಾರಣ ಎರಡು ಜಡೆ ಹಾಕಿದ್ದರು.

ನಾನು ತಲೆಯೆತ್ತಲಿಲ್ಲ. ಎತ್ತಿದರೆ ಮಗಳು ಹೊರಟುಹೋದಾಳು ಎಂದು ಭಯವಾಯಿತು. ಸುಣ್ಣ ಸುರಿಯುತ್ತಲೇ ಇದ್ದೆ, ಗೆರೆ ಅಲ್ಲಿ ಬೇಕಾದ್ದಕ್ಕಿಂತ ದಪ್ಪವಾಯಿತು.

"ಎಷ್ಟು?" ಎಂದು ಕೇಳಿದಳು ಕಲಾವತಿ.

ಮೂರು ತಿಂಗಳಿಗೆ ಅದೇ ಮೊದಲ ಮಾತು. "ಮುನ್ನೂರ ನಲವತ್ತೈದು" ಎಂದೆ.

"ಹೋದ್ವಾರ ಬೋರ್ಡಲ್ಲಿ ನಲವತ್ತೆರಡೇ ಇತ್ತಲ್ಲ" ಎಂದಳು ಅವಳು, ಆಮೇಲೆ ಮಗುವಿನ ಕೈ ಬಿಟ್ಟು ಗೆರೆಯೊಳಗೆ ಕಳಿಸಿದಳು.